ಮೇಸ್ತ್ರಿ ಕೊಟ್ಟ ಹತ್ತು ದಿನದ ಬಿಡುವು

ಬಸ್ಸಿನ ಸೀಟು, ಕ್ಷೌರದಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರರ ಒರಗುವ ಆಸನ, ಉಳ್ಳವರ ಮನೆಯ ಸೋಫಾ, ಹೀಗೆ ಮನುಷ್ಯರು ಎಲ್ಲೆಲ್ಲಿ ಕೂರುತ್ತಾರೋ ಅಲ್ಲೆಲ್ಲ ಮೇಸ್ತ್ರಿಯ ಕೈ ಓಡಾಡಿತ್ತು. ಹದಿನಾರನೆಯ ವಯಸ್ಸಿಗೆ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಹಿಡಿದವಳು ನಲವತ್ತೇಳಾದರೂ ಮೊಳೆ ಉಗುಳಿರಲಿಲ್ಲ. ಊರಿನ ಅರ್ಧ ಜನ ನನ್ನ ಕೆಲಸದ ಮೇಲೆ ಕೂತಿದ್ದಾರೆ ಎಂದು ಆಗಾಗ ಹೇಳುವಳು. ಉಳಿದರ್ಧ ಜನ ಬೇಕಾದರೆ ನಿಂತೇ ಇರಲಿ ಎಂಬ ಧಾಟಿ ಆ ದನಿಯಲ್ಲೇ ಇರುತ್ತಿತ್ತು.

ಕುರ್ಚಿ, ಸೋಫಾಗಳಿಗೆ ಹೊದಿಕೆ ಹಾಕುವ ಅಂಗಡಿಗೆ ಸೇರಿದಾಗ ಎಲ್ಲರೂ ಅವಳನ್ನು ಹುಡುಗನೆಂದೇ ತಿಳಿದಿದ್ದರು. ಮೂವತ್ತಕ್ಕೆ ಮೇಸ್ತ್ರಿಯಾದಳು. ಮೂವತ್ತೈದಕ್ಕೆ, ಒಂದು ಸೋಮವಾರ, ಹೆಂಗಸರ ಬಟ್ಟೆ ತೊಟ್ಟು, ಕಿವಿಗೆ ಸಣ್ಣ ಓಲೆ ಹಾಕಿಕೊಂಡು ಬಂದು, ಎಂದಿನ ಹಾಗೆ ಸ್ಪಂಜು ಕತ್ತರಿಸಲು ಕೂತಳು. ಅಂಗಡಿ ಒಂದು ವಾರ ಬಾಯಿ ಬಿಟ್ಟುಕೊಂಡು ನೋಡಿತು. ಎರಡನೆಯ ವಾರ, ಕುರ್ಚಿಗಳಿಗೆ ಚೌಕಟ್ಟು ಮಾಡುವ ಬಡಗಿಗೆ ಒಂದು ವಿಷಯ ಹೊಳೆಯಿತು. ಮೇಸ್ತ್ರಿ ಎನ್ನುವ ಮಾತು ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಯಾರೂ ನಾಲಿಗೆಯನ್ನು ಹೊಸದಾಗಿ ಪಳಗಿಸಬೇಕಾದ್ದಿಲ್ಲ. ತಾವು ಏನೂ ಮಾಡದೆ ದೊಡ್ಡ ಮನಸ್ಸಿನವರಾದೆವೆಂಬ ಸಮಾಧಾನ ಅಂಗಡಿಯವರಿಗೆಲ್ಲ ಪುಕ್ಕಟೆಯಾಗಿ ಸಿಕ್ಕಿತು.

ಮಿಕ್ಕದ್ದು ಅಷ್ಟು ಸಲೀಸಾಗಿರಲಿಲ್ಲ. ಬಚ್ಚಲುಮನೆಯ ದೀಪ ಆರಿಸಿಕೊಂಡು ಮೀಯುವುದು ಮೇಸ್ತ್ರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹನ್ನೆರಡು ವರ್ಷ ಹೆಂಗಸಾಗಿ ಬದುಕಿದ ಮೇಲೂ, ಕದ ಹಾಕಿಕೊಂಡ ಕೂಡಲೇ, ಯಾರೋ ಪರಿಚಯವಿಲ್ಲದ ಗಂಡಸಿನ ಜೊತೆ ಆ ಇಕ್ಕಟ್ಟಿನಲ್ಲಿ ಬತ್ತಲೆ ನಿಲ್ಲಬೇಕಾದ ಹಾಗೆ ಅನಿಸುತ್ತಿತ್ತು. ಇದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆಡಲಿಕ್ಕೆ ಬಾಯಲ್ಲಿ ಮೊಳೆ ಇತ್ತಲ್ಲ.

ಮೈಯನ್ನೂ ಹೆಂಗಸಿನದಾಗಿಸುವ ಶಸ್ತ್ರಚಿಕಿತ್ಸೆ ಎಂದರೆ ಒಂದು ದಿನದ ಕೆಲಸವೆಂದು ಅವಳು ಎಣಿಸಿದ್ದಳು. ತಯಾರಿಗೇ ಎರಡು ವರ್ಷ ಹಿಡಿಯಿತು. ಮೊದಲು ಮನಸ್ಸಿನ ಡಾಕ್ಟರರಿಬ್ಬರು ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿ, ಈಕೆಗೆ ತಾನು ಯಾರೆಂಬುದು ಗೊತ್ತಿದೆ ಎಂದು ಪತ್ರ ಬರೆದುಕೊಡಬೇಕಾಗಿತ್ತು.

“ಪೂರ್ತಿ ಯೋಚನೆ ಮಾಡಿದ್ದೀರಾ? ಆಮೇಲೆ ಬೇಡ ಅಂದ್ರೆ ಆಗಲ್ಲ,” ಎಂದರು ಮೊದಲನೆಯವರು.

“ಸಾರ್, ನಮ್ಮ ಗಿರಾಕಿಗಳು ಸೋಫಾಗೆ ಬಣ್ಣ ಆರಿಸೋಕೆ ಮೂರು ವಾರ ತಗೋತಾರೆ. ನಾನು ನಲವತ್ತು ವರ್ಷ ತಗೊಂಡಿದ್ದೀನಿ.”

ಅವರು ನಗಲಿಲ್ಲ, ಬರೆದುಕೊಂಡರು. ಹೊರಡುವಾಗ ಮೇಸ್ತ್ರಿ, “ನಿಮ್ಮ ಕುರ್ಚಿಯ ಸ್ಪಂಜು ಸತ್ತುಹೋಗಿದೆ,” ಎಂದಳು. ಅದನ್ನೂ ಬರೆದುಕೊಂಡರು.

ಆಮೇಲೆ ಕೂದಲಿನ ಸರದಿ. ಯಾವ ಚರ್ಮವನ್ನು ಒಳಕ್ಕೆ ಮಡಚಿ ಹೆಣ್ಣಿನ ಅಂಗಕ್ಕೆ ಹೊಸ ದಾರಿ ಮಾಡುತ್ತಾರೋ ಆ ಚರ್ಮದ ಮೇಲೆ ಒಂದು ಕೂದಲೂ ಇರಕೂಡದು. ಒಳಗೆ ಬೆಳೆಯಲು ಶುರುವಾದರೆ ತೆಗೆಯುವವರಿಲ್ಲ. ಸೂಜಿಯಿಂದ ಒಂದೊಂದೇ ಬುಡ ಸುಡುವ ಒಬ್ಬ ಹೆಂಗಸಿದ್ದಳು. ದೀಪ ಆರಿಸಿ ಮೀಯುತ್ತಿದ್ದ ಮೇಸ್ತ್ರಿ ಹದಿನಾಲ್ಕು ತಿಂಗಳು, ವಾರಕ್ಕೊಂದು ಸಲ, ಕಣ್ಣು ಕುಕ್ಕುವ ದೀಪದ ಕೆಳಗೆ ಅವಳ ಮುಂದೆ ಕಾಲಗಲಿಸಿ ಮಲಗಿದಳು. ಸೂಜಿಯವಳು ತನ್ನ ಅತ್ತೆಯ ಮಂಡಿನೋವಿನ ಕಥೆ ಹೇಳುತ್ತ ಸುಡುತ್ತಿದ್ದಳು. ಒಂದೊಂದು ಚುಚ್ಚಿಗೂ ಮೇಸ್ತ್ರಿಯ ಕಣ್ಣಲ್ಲಿ ನೀರು ಚಿಮ್ಮುತ್ತಿತ್ತು. ಅತ್ತೆಯ ಮೇಲೆ ಇವಳಿಗೆ ಇಷ್ಟು ಕರುಣೆಯೇ ಎಂದು ಸೂಜಿಯವಳು ಕರಗಿಹೋದಳು.

ಸಿಗರೇಟು ಬಿಟ್ಟಳು. ಕೊನೆಯ ಮೂರು ವಾರ ಹಾರ್ಮೋನ್ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಮೈಯೆಲ್ಲ ಕುದಿಯುತ್ತಿತ್ತು, ಮಾತು ಸಿಡಿಯುತ್ತಿತ್ತು.

“ಮೇಸ್ತ್ರಿ, ಇವತ್ತು ಮೊಳೆ ಏನಾದ್ರೂ ನುಂಗಿದೀಯಾ?” ಎಂದು ಬಡಗಿ ದೂರದಿಂದಲೇ ಕೇಳಿ, ಚೌಕಟ್ಟನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದ.

ಆಸ್ಪತ್ರೆಗೆ ಜೊತೆಗೊಬ್ಬರು ಬೇಕಿತ್ತು, ಅದೂ ಮನೆಯವರು. ಮನೆಯವರು ಎಂದರೆ ಉಳಿದಿದ್ದವಳು ಅಕ್ಕ ಒಬ್ಬಳೇ. ಅವಳು ಒಂದು ಶಾಲೆಯಲ್ಲಿ ಆಯಾ ಆಗಿ ಇಪ್ಪತ್ತೈದು ವರ್ಷ ಗಂಟೆ ಹೊಡೆದು ನಿವೃತ್ತಳಾದವಳು. ಹೆಡ್ಮಾಸ್ಟರರು ಬದಲಾಗುತ್ತಿದ್ದರು, ಗಂಟೆ ಮಾತ್ರ ತನ್ನಿಂದಲೇ ನಡೆಯಿತು ಎಂಬುದು ಅವಳ ಖಚಿತ ಅಭಿಪ್ರಾಯ. ಭಾವ ಇದಕ್ಕೆ ಅನುಮತಿ ಕೊಟ್ಟರು. ಯಾರೂ ಕೇಳಿರಲಿಲ್ಲವಾದ್ದರಿಂದ ಎರಡು ಸಲ ಕೊಟ್ಟರು.

“ತಮ್ಮ ಅಂತ ಎತ್ತಾಡಿಸಿದೀನಿ,” ಎಂದಳು ಅಕ್ಕ. “ಈಗ ತಂಗಿ ಅಂತ ಎತ್ತೋಕೆ ನನ್ನ ಸೊಂಟ ಕೇಳಲ್ಲ. ಆದ್ರೂ ಬರ್ತೀನಿ ನಡಿಯೇ.”

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಮೇಸ್ತ್ರಿಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಅಳೆದು ಆಡುವವಳು. ಮೇಜಿನ ಮೇಲೆ ಐದು ನುಣುಪು ಕಡ್ಡಿಗಳನ್ನು ಸಾಲಾಗಿ ಇಟ್ಟಳು. ತೆಳ್ಳಗಿನದರಿಂದ ದಪ್ಪಗಿನದರವರೆಗೆ, ಒಂದೊಂದರ ಮೇಲೂ ಆಳ ತೋರಿಸುವ ಚುಕ್ಕಿಗಳು.

“ನಾನು ದಾರಿ ಮಾಡಿಕೊಡ್ತೀನಿ, ತೆರೆದು ಇಟ್ಕೊಳ್ಳೋದು ನಿಮ್ಮ ಕೆಲಸ. ದೇಹ ಅದನ್ನ ಗಾಯ ಅಂತಲೇ ತಿಳ್ಕೊಂಡು ಮುಚ್ಚೋಕೆ ನೋಡುತ್ತೆ. ಮೊದಲ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ, ಅರ್ಧರ್ಧ ಗಂಟೆ, ಈ ಕಡ್ಡಿ ಒಳಗಿಟ್ಕೊಂಡು ಮಲಗಬೇಕು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಮುಚ್ಚಿಹೋದ್ರೆ ಇದೇ ಚರ್ಮ ಮತ್ತೆ ಸಿಗಲ್ಲ.”

“ಡಾಕ್ಟ್ರೇ, ಚರ್ಮದ ವಿಷಯ ನನಗೆ ಹೇಳ್ಬೇಕಾ?” ಎಂದು ಮೇಸ್ತ್ರಿ ನಕ್ಕಳು.

“ಹೇಳ್ಬೇಕು,” ಎಂದಳು ಡಾಕ್ಟರು, ನಗದೆ.

ಮೇಸ್ತ್ರಿಯ ನಗುವಿಗೆ ಕಾರಣವಿತ್ತು. ಚರ್ಮವನ್ನು ಚೌಕಟ್ಟಿನ ಮೇಲೆ ಎಳೆದು ಕೂರಿಸುವುದರಲ್ಲಿ ಆ ಊರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಗುಟ್ಟು ಒಂದೇ: ಎಳೆದ ಚರ್ಮಕ್ಕೆ ಬಿಡುವು ಕೊಡಬೇಕು. ಒಂದಿಷ್ಟು ಎಳೆದು, ನಾಲ್ಕು ಮೊಳೆಗೆ ಸಿಕ್ಕಿಸಿ, ಎರಡು ದಿನ ಅದರ ತಂಟೆಗೆ ಹೋಗಬಾರದು. ಆಮೇಲೆ ಅದೇ ಸಡಿಲಗೊಂಡು ಇನ್ನಷ್ಟು ಬರುತ್ತದೆ. ಅವಸರಪಟ್ಟು ಎಳೆದವರು ಹರಿದುಕೊಳ್ಳುತ್ತಾರೆ. ಈ ಸೂತ್ರವನ್ನು ಅವಳು ಕೇಳಿದವರಿಗೆ ಹೇಳುತ್ತಿದ್ದಳು. ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದಳು.

ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಸಿದರು. ಬೆಳಿಗ್ಗೆ ಗಾಲಿ ಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಅಕ್ಕ ಚೀಲ ಹಿಡಿದು ಬಾಗಿಲವರೆಗೆ ಓಡಿಬಂದಳು. ಏನೋ ಹೇಳಬೇಕೆಂದುಕೊಂಡವಳು, “ಓಲೆ ತೆಗೆದಿದೀಯಾ?” ಎಂದಷ್ಟೇ ಕೇಳಿದಳು. ಬಾಗಿಲು ಮುಚ್ಚಿತು.

ಎಚ್ಚರವಾದ ಮೇಲೆ ಆರು ದಿನ ಅಂಗಾತ. ಮೂತ್ರಕ್ಕೆ ನಳಿಗೆ, ಕಾಲ ನಡುವೆ ಕಲ್ಲು ಹೇರಿದ ಹಾಗೆ ಭಾರ, ತನ್ನದೇ ರಕ್ತದ ಹಳಸು ವಾಸನೆ. ಮಗ್ಗುಲಾಗಲು ಹೋದರೆ ಬೆನ್ನುಹುರಿಯವರೆಗೆ ಹಿಡಿದು ಜಗ್ಗಿದಂತಾಗುತ್ತಿತ್ತು. ಕುರ್ಚಿಗಳಿಗೆ ನಾರು ತುಂಬುತ್ತಿದ್ದವಳ ಒಳಗೆ ಈಗ ಬಟ್ಟೆ ತುಂಬಿದ್ದರು. ಆರನೆಯ ದಿನ ನರ್ಸು ಬಂದು ಅದನ್ನು ಎಳೆಯತೊಡಗಿದಳು. ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಮೇಸ್ತ್ರಿ ಮಂಚದ ಕಂಬಿ ಹಿಡಿದು, ಹಲ್ಲು ಕಚ್ಚಿ, “ಒಟ್ಟು ಎಷ್ಟು ಮೀಟರು ತುಂಬಿದ್ರಿ?” ಎಂದಳು.

“ಅಳತೆ ಕೇಳಿದೋರು ನೀವೇ ಮೊದಲು,” ಎಂದಳು ನರ್ಸು. ಎಳೆದು ಮುಗಿಸಿ ಕೈಗೊಂದು ಕನ್ನಡಿ ಕೊಟ್ಟಳು.

ಊದಿಕೊಂಡು, ನೀಲಿಗಟ್ಟಿ, ಕಪ್ಪು ದಾರದ ಹೊಲಿಗೆ ತುಂಬಿದ ಒಂದು ಗಾಯ. ಅಕ್ಕ ಇಣುಕಿದವಳು ಹಾಗೇ ಸ್ಟೂಲಿನ ಮೇಲೆ ಕುಸಿದಳು.

“ಹೇಗಿದೆಯೇ?” ಎಂದಳು ಕಣ್ಣು ಮುಚ್ಚಿಕೊಂಡೇ.

“ಹೊಲಿಗೆ ಚೆನ್ನಾಗಿದೆ,” ಎಂದಳು ಮೇಸ್ತ್ರಿ. ಆಮೇಲೆ ಕನ್ನಡಿಯನ್ನು ಎದೆಯ ಮೇಲೆ ಮಗುಚಿಟ್ಟುಕೊಂಡು ತುಂಬ ಹೊತ್ತು ಅತ್ತಳು. ಅದರಲ್ಲಿ ದುಃಖವೆಷ್ಟು, ನೋವೆಷ್ಟು, ಮತ್ತೊಂದು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಒಂದಂತೂ ನಿಜ: ಮೀಯಲು ಬಿಟ್ಟ ದಿನ ಅವಳು ಬಚ್ಚಲುಮನೆಯ ದೀಪ ಆರಿಸಲಿಲ್ಲ.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಹಾಸಿಗೆ. ಕಡ್ಡಿಯ ಕೆಲಸಕ್ಕೆ ಆ ಮನೆಯಲ್ಲಿ ಯಾರ ಬಾಯಲ್ಲೂ ಹೆಸರು ಬರಲಿಲ್ಲ. ಕಡೆಗೆ ಅಕ್ಕ ಅದನ್ನು ‘ಡ್ಯೂಟಿ’ ಎಂದು ಕರೆದಳು. ಬೆಳಿಗ್ಗೆ ಆರು, ಹತ್ತೂವರೆ, ಮೂರು, ರಾತ್ರಿ ಎಂಟು. ಹೊತ್ತಿಗೆ ಸರಿಯಾಗಿ ಅಕ್ಕ ಕದ ತಟ್ಟುವಳು. ಹತ್ತೂವರೆ ಎಂದರೆ ಹತ್ತೂವರೆ. ಹತ್ತು ಇಪ್ಪತ್ತೊಂಬತ್ತಕ್ಕೂ ಇಲ್ಲ, ಮೂವತ್ತೊಂದಕ್ಕೂ ಇಲ್ಲ. ಭಾವ ಆ ನಾಲ್ಕು ಹೊತ್ತೂ ರೇಡಿಯೋದ ದನಿ ಜೋರು ಮಾಡಿಕೊಂಡು, ಲೋಕದ ಆಗುಹೋಗುಗಳಲ್ಲಿ ಮುಳುಗುವರು. ಕೃಷಿ ವಾರ್ತೆ ಅಷ್ಟು ಗಟ್ಟಿಯಾಗಿ ಯಾವ ಮನೆಯಲ್ಲೂ ಕೇಳಿರಲಾರದು.

ಒಳಗೆ ಮೇಸ್ತ್ರಿ ಜೆಲ್ಲಿ ಹಚ್ಚಿದ ಕಡ್ಡಿಯನ್ನು ಉಸಿರು ಬಿಡುತ್ತ ಬಿಡುತ್ತ ಒಳಕ್ಕೆ ಒತ್ತುವಳು. ಮೊದಲನೆಯ ಚುಕ್ಕಿ, ಎರಡು, ಮೂರು. ಬೆವರು ಹಣೆಯಿಂದ ಕಿವಿಗಿಳಿಯುತ್ತಿತ್ತು. ಐದನೆಯ ಚುಕ್ಕಿಗೆ ಮುಟ್ಟಿದ ಮೇಲೆ ಅಲ್ಲಿಯೇ ಹಿಡಿದು ಅರ್ಧ ಗಂಟೆ. ಆಮೇಲೆ ತೊಳೆಯುವುದು, ಬಟ್ಟೆ ಬದಲಿಸುವುದು, ಮಲಗುವುದು. ಎದ್ದರೆ ಮತ್ತೆ ಅದೇ. ಕೂರುವ ಹಾಗಿಲ್ಲ. ಮೂವತ್ತೊಂದು ವರ್ಷ ಊರಿಗೆ ಕೂರಲು ಕಲಿಸಿದವಳು ನಿಂತೇ ಉಣ್ಣುತ್ತಿದ್ದಳು. ನಡುವೆ ತೂತಿರುವ ಒಂದು ದಿಂಬನ್ನು ಬಡಗಿಗೆ ಹೇಳಿ ತರಿಸಿ, ಹೊಲಿಗೆ ಸರಿಯಿಲ್ಲವೆಂದು ಬಿಚ್ಚಿ, ನಿಂತುಕೊಂಡೇ ಮತ್ತೆ ಹೊಲಿದಳು.

ಐದನೆಯ ವಾರ ಕಡ್ಡಿ ಹೊರಗೆ ತೆಗೆದಾಗ ರಕ್ತ ಬಂತು. ಮರುದಿನವೂ ಬಂತು. ಉರಿ ಎಂದರೆ ಹಸಿ ಗಾಯಕ್ಕೆ ಉಪ್ಪು ಉಜ್ಜಿದ ಉರಿ. ಬೀರುವಿನ ಬಾಗಿಲಿಗೆ ಅಕ್ಕ ಅಂಟಿಸಿದ್ದ ಆಸ್ಪತ್ರೆಯ ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು: ರಕ್ತ ಬಂದರೆ ಫೋನ್ ಮಾಡಿ, ನಿಲ್ಲಿಸಬೇಡಿ. ಕೆಳಗೆ ನಂಬರು. ಮೇಸ್ತ್ರಿ ಅದನ್ನು ಓದಿದಳು. ಆದರೆ ಕೆಲಸದ ವಿಷಯಕ್ಕೆ ಮೂವತ್ತು ವರ್ಷದಿಂದ ಅವಳು ಯಾರನ್ನೂ ಕೇಳಿದವಳಲ್ಲ. ಅವಸರದಿಂದ ಎಳೆದರೆ ಚರ್ಮ ಹರಿಯುತ್ತದೆ, ಇದೋ ಹರಿಯುತ್ತಿದೆ. ಇನ್ನೂ ಎಳೆ ಎನ್ನುತ್ತಿದ್ದಾಳೆ, ಒಂದು ಸ್ಟೂಲಿಗೂ ಹೊದಿಕೆ ಹಾಕಿ ಗೊತ್ತಿಲ್ಲದ ಆ ಡಾಕ್ಟರ್ ಹುಡುಗಿ.

“ಡಾಕ್ಟ್ರಿಗೆ ಫೋನ್ ಮಾಡಿದ್ದೆ,” ಎಂದಳು ಅಕ್ಕನಿಗೆ. “ಹತ್ತು ದಿನ ಬಿಡುವು ಕೊಡು ಅಂದ್ರು.”

“ಹತ್ತು ದಿನ? ಒಂದು ದಿನಾನೂ ತಪ್ಪಿಸಬಾರದು ಅಂತ ನನ್ನ ಮುಂದೇನೇ ಹೇಳಿದ್ರಲ್ಲೇ.”

“ರಕ್ತ ಬಂದಾಗ ಬೇರೆಯಂತೆ.”

“ಬರೆದು ಕೊಟ್ಟಿದ್ರೆ ಚೆನ್ನಾಗಿತ್ತು.”

“ಫೋನಲ್ಲಿ ಹೇಗೆ ಬರ್ಕೊಡ್ತಾರೆ ಅಕ್ಕ? ಚರ್ಮದ ವಿಷಯ ನನಗೆ ಬಿಡು.”

ಅಕ್ಕ ಬಿಟ್ಟಳು. ಹತ್ತೂವರೆಗೆ ಎದ್ದು ಕದದವರೆಗೆ ಬಂದು, ನೆನಪಾಗಿ, ಕೈ ಕೆಳಗಿಳಿಸಿ ಹಿಂದಿರುಗುವಳು. ಆ ಹತ್ತು ದಿನ ಆಸ್ಪತ್ರೆಯಿಂದ ಬಂದ ಮೇಲೆ ಮೇಸ್ತ್ರಿ ಕಂಡ ಸುಖದ ದಿನಗಳು. ರಕ್ತ ನಿಂತಿತು, ಉರಿ ಇಳಿಯಿತು. ಮಗ್ಗುಲಾಗಿ ನಿದ್ದೆ ಹೋದಳು. ಒಂದು ಮಧ್ಯಾಹ್ನ ಮೆಲ್ಲಗೆ ಅಂಗಡಿಗೆ ನಡೆದು ಹೋಗಿ, ತೂತಿನ ದಿಂಬಿನ ಮೇಲೆ ಕಾಲು ಗಂಟೆ ಕೂತು, ಬಡಗಿಯ ನಾಲ್ಕು ಚೌಕಟ್ಟಿಗೆ ನಾಲ್ಕು ತಪ್ಪು ಹುಡುಕಿ ಬಂದಳು. ನೋಡು, ಬಿಡುವು ಕೊಟ್ಟರೆ ಹೇಗೆ ಹದಕ್ಕೆ ಬರುತ್ತದೆ ಎಂದು ಮನಸ್ಸಿನಲ್ಲೇ ಡಾಕ್ಟರಿಗೆ ಪಾಠ ಹೇಳಿದಳು.

ಹನ್ನೊಂದನೆಯ ಬೆಳಿಗ್ಗೆ ಆರಕ್ಕೆ ಅಕ್ಕ ಕದ ತಟ್ಟಿದಳು. ಭಾವನ ರೇಡಿಯೋ ಶುರುವಾಯಿತು. ಕಡ್ಡಿ ಮೊದಲನೆಯ ಚುಕ್ಕಿ ದಾಟಿತು, ಎರಡನೆಯದಕ್ಕೆ ಬಂದು ನಿಂತಿತು. ಒತ್ತಿದಳು. ನೋವೂ ಅಷ್ಟಾಗಿ ಬರಲಿಲ್ಲ. ಅಲ್ಲಿ ಗೋಡೆಯಿತ್ತು. ಇನ್ನೂ ತೆಳ್ಳಗಿನದು ತೆಗೆದುಕೊಂಡಳು. ಅದೂ ಅಲ್ಲಿಯೇ ನಿಂತಿತು. ಅವಳಿಗೆ ಕೈಯ ಅಳತೆ ಚೆನ್ನಾಗಿ ಗೊತ್ತು. ಯಾವ ಸೀಟಿನ ಒಳಗೆ ಎಲ್ಲಿ ಪಟ್ಟಿ ಇದೆ, ಎಲ್ಲಿ ಮರ ಇದೆ ಎಂದು ಬೆರಳ ತುದಿಯಲ್ಲಿ ಹೇಳುವವಳು. ಆ ಕೈಯೇ ಈಗ ಹೇಳಿತು, ಮುಂದೆ ದಾರಿ ಇಲ್ಲ.

“ಆಯ್ತೇನೇ?” ಎಂದಳು ಅಕ್ಕ ಹೊರಗಿಂದ, ಅರ್ಧ ಗಂಟೆಗೆ.

“ಹ್ಞೂಂ.”

ಮೂರು ದಿನ ಯಾರಿಗೂ ಹೇಳದೆ ಒತ್ತಿದಳು. ಮೂರನೆಯ ದಿನ ಹಾಸಿಗೆಯ ಮೇಲೆ ರಕ್ತ ಹರಿದದ್ದನ್ನು ಅಕ್ಕ ಕಂಡಳು. ಕೇಳಲೂ ಇಲ್ಲ, ಬೈಯಲೂ ಇಲ್ಲ. ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

ಡಾಕ್ಟರು ಪರೀಕ್ಷಿಸಿ, ಕೈಗವಸು ಕಳಚಿ, ತೊಟ್ಟಿಗೆ ಹಾಕಿ ಬಂದಳು.

“ಎಷ್ಟು ದಿನ ನಿಲ್ಲಿಸಿದ್ರಿ?”

ಉತ್ತರ ಕೊಟ್ಟವಳು ಅಕ್ಕ. “ನೀವೇ ಹೇಳಿದ್ರಂತಲ್ಲ ಮೇಡಂ, ಹತ್ತು ದಿನ ಬಿಡುವು ಕೊಡೋಕೆ. ನಾನೇ ಎಣಿಸಿದೀನಿ, ಸರಿಯಾಗಿ ಹತ್ತು. ಹೆಚ್ಚು ಒಂದು ದಿನ ಬಿಟ್ಟಿಲ್ಲ.”

ಡಾಕ್ಟರು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಪರೀಕ್ಷೆಯ ಹಾಸಿಗೆಯ ಅಂಚಿನ ರೆಕ್ಸಿನ್ ನೋಡಿದಳು. ಅಗ್ಗದ ರೆಕ್ಸಿನ್, ಮೂಲೆಯಲ್ಲಿ ಬಿರುಕು ಬಿಟ್ಟಿತ್ತು.

“ಇವರು ಹೇಳಿಲ್ಲ ಅಕ್ಕ. ನಾನು ಫೋನೇ ಮಾಡಿಲ್ಲ.” ಆಮೇಲೆ ಡಾಕ್ಟರಿಗೆ, ಚರ್ಮ ಎಳೆಯುವ ರೀತಿ, ಬಿಡುವಿನ ಸೂತ್ರ, ಎಲ್ಲವನ್ನೂ ಒಪ್ಪಿಸಿದಳು. ಅಂಗಡಿಯಲ್ಲಿ ನೂರು ಸಲ ಹೇಳಿದ ಪಾಠ. ಇಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ದನಿ ಸಣ್ಣದಾಯಿತು.

“ನೀವು ಕೆಲಸ ಮಾಡೋ ಚರ್ಮ ಸತ್ತಿರೋದು,” ಎಂದಳು ಡಾಕ್ಟರು. “ಎಳೆದ ಕಡೆ ಇರುತ್ತೆ. ಇದಕ್ಕೆ ಜೀವ ಇದೆ. ನೀವು ಬಿಡುವು ಕೊಟ್ರಿ, ಅದು ಬಿಡುವು ತಗೊಳ್ಳಲಿಲ್ಲ. ಹತ್ತು ದಿನಾನೂ ಮುಚ್ಚೋ ಕೆಲಸ ಮಾಡಿದೆ. ರಕ್ತ ಬಂದಿದ್ದು ದೊಡ್ಡ ವಿಷಯ ಅಲ್ಲ, ಒಂದು ಔಷಧಿ ಹಚ್ಚಿದ್ರೆ ಹೋಗ್ತಿತ್ತು.”

“ಎಷ್ಟು ಹೋಯ್ತು?”

“ಅರ್ಧಕ್ಕಿಂತ ಹೆಚ್ಚು. ಒಳಗೆ ಗಟ್ಟಿಯಾಗಿ ಕೂಡಿಕೊಂಡಿದೆ, ಕಡ್ಡಿಗೆ ಬಿಡಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳಿ. ಒಂದು ವರ್ಷ ಆದ ಮೇಲೆ ಬೇಕಿದ್ರೆ ಕರುಳಿನ ತುಂಡು ತಗೊಂಡು ಇನ್ನೊಂದು ಸಲ ಮಾಡಬಹುದು. ಅದು ಇದಕ್ಕಿಂತ ದೊಡ್ಡ ಕೆಲಸ.”

ಹೊರಗಿನ ಉದ್ದ ಕಾರಿಡಾರಿನಲ್ಲಿ ಅಕ್ಕ ಮುಂದೆ ಮುಂದೆ ನಡೆದಳು. ಲಿಫ್ಟಿನ ಹತ್ತಿರ ಬಂದು ನಿಂತವಳು ಗುಂಡಿ ಒತ್ತಲಿಲ್ಲ.

“ಇಪ್ಪತ್ತೈದು ವರ್ಷ ಗಂಟೆ ಹೊಡೆದಿದೀನಿ. ಜ್ವರ ಬಂದಾಗಲೂ ಹೊಡೆದಿದೀನಿ. ದಿನಾ ಹತ್ತೂವರೆಗೆ ನಿನ್ನ ಕದದ ಮುಂದೆ ಬಂದು ಸುಮ್ಮನೆ ವಾಪಸ್ ಹೋಗ್ತಿದ್ದೆ. ನನ್ನ ಕೈ ಕಟ್ಟಿಹಾಕಿಬಿಟ್ಟೆಯಲ್ಲೇ ನೀನು.”

“ನನಗೆ ಗೊತ್ತು ಅಂದ್ಕೊಂಡಿದ್ದೆ ಅಕ್ಕ.”

“ಗೊತ್ತಿಲ್ಲ ಅಂತ ಒಂದು ಸಲ ಬಾಯಿ ಬಿಟ್ಟಿದ್ರೆ ನಿನ್ನ ಮೇಸ್ತ್ರಿಗಿರಿ ಯಾರಾದ್ರೂ ಕಿತ್ಕೋತಿದ್ರಾ?”

ಮೇಸ್ತ್ರಿಯೇ ಲಿಫ್ಟಿನ ಗುಂಡಿ ಒತ್ತಿದಳು. ಅಕ್ಕ ಕಣ್ಣೊರೆಸಿಕೊಂಡು, “ನಡಿ, ಮೂರಕ್ಕೆ ಮನೇಲಿರಬೇಕು,” ಎಂದಳು.

ಅಂದಿನಿಂದ ಅಕ್ಕ ಕೋಣೆಯ ಹೊರಗೆ ನಿಲ್ಲಲಿಲ್ಲ. ಒಳಗೆ ಬಂದು, ಗೋಡೆಯ ಕಡೆ ಮುಖ ಮಾಡಿ, ಕೈಗಡಿಯಾರ ಹಿಡಿದು ಕೂತಳು. ಮೇಸ್ತ್ರಿ ಬೇಡ ಎನ್ನಲಿಲ್ಲ. ತೆಳ್ಳಗಿನ ಕಡ್ಡಿ ಎರಡನೆಯ ಚುಕ್ಕಿಗೆ ಹೋಗಿ ನಿಲ್ಲುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ನಿಲ್ಲುತ್ತಿತ್ತು. ಅಕ್ಕ ಗೋಡೆಗೆ ಹೇಳುವ ಹಾಗೆ, “ಹತ್ತು ನಿಮಿಷ,” “ಇಪ್ಪತ್ತು,” ಎನ್ನುವಳು. ಕೆಲವು ದಿನ ಮೇಸ್ತ್ರಿ ಅಳುವಳು, ಅಕ್ಕ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಮಾತ್ರ ಅಕ್ಕನೂ ಅತ್ತಳು, ಅತ್ತುಕೊಂಡೇ, “ಇಪ್ಪತ್ತೈದು,” ಎಂದಳು.

ಎರಡು ತಿಂಗಳ ಮೇಲೆ ಮತ್ತೆ ತೋರಿಸಲು ಹೋದರು. ಡಾಕ್ಟರು ಅಳೆದು ನೋಡಿ, “ಇನ್ನಷ್ಟು ಕಡಿಮೆಯಾಗಿಲ್ಲ,” ಎಂದಳು. ಹೆಚ್ಚೂ ಆಗಿರಲಿಲ್ಲ. ಅದನ್ನು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ.

“ಎರಡನೆಯದು ಮಾಡಿಸ್ಕೊಳ್ಳೋ ಯೋಚನೆ ಇದೆಯಾ?”

ಡಾಕ್ಟರು ಮುಂದಿಟ್ಟ ಒಪ್ಪಿಗೆಯ ಕಾಗದವನ್ನು ಮೇಸ್ತ್ರಿ ಕೈಗೆತ್ತಿಕೊಂಡಳು. “ಅದು ಮುಚ್ಚದೆ ನಿಲ್ಲುತ್ತಾ ಡಾಕ್ಟ್ರೇ? ನನಗೆ ಗೊತ್ತಿಲ್ಲ. ನೀವು ಹೇಳಿ.”

“ಕೆಲವರಿಗೆ ನಿಂತಿದೆ, ಕೆಲವರಿಗೆ ಇಲ್ಲ. ನಿಮಗೆ ಹೇಗಾಗುತ್ತೆ ಅಂತ ನನಗೂ ಗೊತ್ತಿಲ್ಲ.”

ಅಷ್ಟು ನೇರವಾದ ಉತ್ತರವನ್ನು ಮೇಸ್ತ್ರಿ ತನ್ನ ಗಿರಾಕಿಗಳಿಗೆ ಎಂದೂ ಕೊಟ್ಟಿರಲಿಲ್ಲ. ಕಾಗದಕ್ಕೆ ಸಹಿ ಹಾಕದೆ, ಇಲ್ಲವೆಂದೂ ಹೇಳದೆ, ಮುಂದಿನ ತಾರೀಖು ಬರೆಸಿಕೊಂಡು ಹೊರಬಂದಳು. ಎರಡೂಕಾಲಾಗಿತ್ತು. ಅಕ್ಕ ಆಗಲೇ ಬಸ್‌ ಸ್ಟಾಪಿನ ಕಡೆ ದಾಪುಗಾಲು ಹಾಕಿದ್ದಳು. ಮೇಸ್ತ್ರಿ ಕಾಲು ಸ್ವಲ್ಪ ಅಗಲಿಸಿಕೊಂಡು, ಆದಷ್ಟು ಬೇಗ, ಅವಳ ಹಿಂದೆ ನಡೆದಳು.